ಹೊಂಗೆ ಮರದಡಿಯ ಐದು ಮರಿಗಳು

ನಮ್ಮ ಕಡೆ ಉಣ್ಣಲು ಬರುವವರ ತಲೆ ಎಣಿಸಬಾರದು. ನಾನು ಎಣಿಸಿದೆ. ಅದೂ ಬೆರಳು ಮಡಿಸಿ ಅಲ್ಲ, ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆ ತೆರೆದು, ಊರಿಗೊಂದು ಬಣ್ಣ ಕೊಟ್ಟು, ಮನೆಮನೆಗೂ ಫೋನ್ ಮಾಡಿ ಎಣಿಸಿದೆ. ತಮ್ಮನ ಮದುವೆಯಾದ ನಾಲ್ಕನೇ ದಿನ ನಮ್ಮ ಮನೆಯಲ್ಲಿ ಬೀಗರ ಊಟ. ಹೆಣ್ಣಿನ ಕಡೆಯವರನ್ನು ಕರೆದು ಹೊಟ್ಟೆ ತುಂಬ ಬಾಡೂಟ ಹಾಕಿ ಕಳಿಸಬೇಕು. ಮದುವೆಯಲ್ಲಿ ಏನು ಹೆಚ್ಚುಕಡಿಮೆಯಾದರೂ ಜನ ಮರೆಯುತ್ತಾರೆ. ಬೀಗರ ಊಟದಲ್ಲಿ ಬಾಡು, ಅಂದರೆ ಮಾಂಸ, ಸಾಲದೆ ಹೋದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹಾಗೆ ಆಡಿಸಿಕೊಂಡವಳು ನಮ್ಮ ಅವ್ವನೇ. ಆಗ ಹೆಣ್ಣಿನ ಮನೆಯವರೂ ಗಂಡಿನ ಕಡೆಯವರಿಗೆ ಬೀಗರ ಊಟ ಹಾಕುತ್ತಿದ್ದರು; ಅವಳ ಮದುವೆಯಲ್ಲಿ ಹಾಕಿದ್ದು ಅವಳ ಅಪ್ಪ, ಅಂದರೆ ನನ್ನ ತಾತ. ಕೊನೆಯ ಪಂಕ್ತಿಗೆ ಬರುವಷ್ಟರಲ್ಲಿ ಬಾಡು ಮುಗಿದು, ಗಂಡಿನ ಕಡೆಯ ಮೂವತ್ತು ಜನ ಬರೀ ಸಾರಿನಲ್ಲಿ ಮುದ್ದೆ ನುಂಗಿ ಎದ್ದು ಹೋದರಂತೆ. ಆಮೇಲೆ ಅವ್ವ ರಾವಂದೂರಿನ ಪಕ್ಕದ ನಮ್ಮ ಊರಿಗೆ ಸೊಸೆಯಾಗಿ ಬಂದಳು. 'ಬಾಡು ಸಾಲದ ಮನೆ ಹೆಣ್ಣು' ಎಂಬ ಮಾತು ಅವಳಿಗಿಂತ ಮುಂಚೆಯೇ ಬಂದು ಕೂತಿತ್ತು. ಯಾರೂ ಸಿಟ್ಟಿನಿಂದ ಆಡುತ್ತಿರಲಿಲ್ಲ, ಎಲ್ಲ ತಮಾಷೆಗೇ. ಮೂವತ್ತೆರಡು ವರ್ಷದ ತಮಾಷೆ! ಆ ತಮಾಷೆ ಮಾಡಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಾಲ್ಕು ಮಾತಾಡಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಯಾವ ಮನೆಯ ಸಮಾರಂಭವಾದರೂ ಅವ್ವ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ಕೊಪ್ಪರಿಗೆಯ ಪಕ್ಕ ನಿಂತು ಆಗಾಗ ಬಗ್ಗಿ ತಳ ನೋಡುತ್ತಿದ್ದಳು. ಎಲ್ಲರೂ ಎದ್ದ ಮೇಲೆ ನಿಂತುಕೊಂಡೇ ಎರಡು ತುತ್ತು ತಿನ್ನುತ್ತಿದ್ದಳು.

ಆದ್ದರಿಂದ ತಮ್ಮನ ಬೀಗರ ಊಟದಲ್ಲಿ ಒಂದು ಎಲೆಗೂ ಕಡಿಮೆಯಾಗಬಾರದು ಎಂದು ನಾನು ಹಟ ಹಿಡಿದೆ. ಇನ್ನೊಂದು ಹಟವೂ ಇತ್ತು. ಒಂದು ಸೌಟು ಹೆಚ್ಚೂ ಆಗಬಾರದು. ಹಿಂದಿನ ವರ್ಷ ದೊಡ್ಡಪ್ಪನ ಮನೆಯ ಊಟದಲ್ಲಿ ಕಡಿಮೆಯಾದೀತೆಂಬ ಹೆದರಿಕೆಗೆ ಇದ್ದಬದ್ದದ್ದನ್ನೆಲ್ಲ ಬೇಯಿಸಿ, ಮಿಕ್ಕಿದ್ದನ್ನು ಹಿತ್ತಲಲ್ಲಿ ಗುಂಡಿ ತೋಡಿ ಸುರಿದಿದ್ದರು. ಮೂರು ದಿನ ಊರ ನಾಯಿಗಳೆಲ್ಲ ಅಲ್ಲೇ ಬಿಡಾರ ಹೂಡಿದ್ದವು. ಅದನ್ನು ನೋಡಿ ನನಗೆ ತಡೆಯಲಾಗಿರಲಿಲ್ಲ.

ನನಗೆ ಹಾಗಾಗಲು ಕಾರಣ ನನ್ನ ಕೆಲಸ. ಮೈಸೂರಿನ ಆಚೆ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಪ್ಲಾನಿಂಗ್ ವಿಭಾಗದವಳು. ಯಾವ ಸಾಮಾನು ಎಷ್ಟು, ಯಾವತ್ತು, ಎಲ್ಲಿಂದ ಬರಬೇಕು ಎಂದು ನೋಡುವುದು ನನ್ನ ಜವಾಬ್ದಾರಿ. ಅಲ್ಲಿ ನಮಗೆ ಲೀನ್ ಎಂಬ ಪದ್ಧತಿ ಕಲಿಸಿದರು. ಬೇಕಾದ್ದು, ಬೇಕಾದಷ್ಟೇ, ಬೇಕಾದಾಗಲೇ ಬರಬೇಕು. ಹೆಚ್ಚಿಗೆ ತಂದು ಗೋಡೌನಿನಲ್ಲಿ ಪೇರಿಸಿದ್ದೆಲ್ಲ ವ್ಯರ್ಥ. ಸುಮ್ಮನೆ ನಿಂತದ್ದು ಏನಿದ್ದರೂ ಅದು ವ್ಯರ್ಥ. ಈ ಪಾಠ ನನಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದವಳೇ ಸಾಸಿವೆ ಡಬ್ಬಿಗೂ ಎಷ್ಟಿದೆ, ಯಾವಾಗ ತರಬೇಕು ಎಂಬ ಚೀಟಿ ಅಂಟಿಸಿದೆ. ಅವ್ವ ಆ ಚೀಟಿಗಳ ಮೇಲೆಲ್ಲ ಹುಣಸೆಹಣ್ಣಿನ ಕೈ ಒರೆಸಿ ಎರಡೇ ವಾರದಲ್ಲಿ ಯಥಾಸ್ಥಿತಿಗೆ ತಂದಳು. ಅದೇ ತರಬೇತಿಯ ಮಧ್ಯಾಹ್ನ ಅಜೈಲ್ ಎಂಬ ಇನ್ನೊಂದು ಪದ್ಧತಿಯನ್ನೂ ಹೇಳಿಕೊಟ್ಟಿದ್ದರು. ಬೇಡಿಕೆ ಯಾವಾಗ ಎತ್ತ ತಿರುಗುತ್ತದೋ ಗೊತ್ತಿಲ್ಲದ ಕಡೆ, ನಾವೂ ಅದರ ಜೊತೆ ಚಕ್ಕನೆ ತಿರುಗಲು ತಯಾರಿರಬೇಕು, ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡರೂ ಪರವಾಗಿಲ್ಲ ಎಂಬಂಥದ್ದೇನೋ. ಊಟವಾದ ಮೇಲಿನ ಪಾಠವಾದ್ದರಿಂದ ನಾನು ಅರ್ಧ ನಿದ್ದೆಯಲ್ಲಿದ್ದೆ.

ಇರಲಿ, ಎಣಿಕೆಗೆ ಬರುತ್ತೇನೆ. ಮೊದಲ ಫೋನು ಅಪ್ಪನ ಸೋದರತ್ತೆಗೆ ಮಾಡಿದೆ.

"ಅಜ್ಜಿ, ಬೀಗರ ಊಟಕ್ಕೆ ನಿಮ್ಮ ಮನೆಯಿಂದ ಎಷ್ಟು ಜನ ಬರ್ತೀರಾ?"

"ಯಾಕವ್ವಾ, ನಾವು ಬರಾದು ಬ್ಯಾಡ್ವಾ?"

"ಅಯ್ಯೋ ಹಂಗಲ್ಲ ಅಜ್ಜಿ, ಲೆಕ್ಕಕ್ಕೆ ಕೇಳ್ದೆ."

"ಉಣ್ಣೋರ ತಲೆ ಲೆಕ್ಕ ಆಕ್ತಿದ್ದೀಯಾ? ಓದ್ಸಿದ್ದು ಇದ್ಕೇಯ?" ಫೋನು ಕಟ್ಟಾಯಿತು. ಮಾರನೇ ದಿನ ಅಪ್ಪ ಎಲೆಅಡಿಕೆ ಹಿಡಿದು ಆ ಊರಿಗೇ ಹೋಗಿ ಮತ್ತೆ ಕರೆದು ಬರಬೇಕಾಯಿತು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಅದು ನಾನಲ್ಲ. ಉಳಿದವರನ್ನು ಸ್ವಲ್ಪ ನಯವಾಗಿ ಕೇಳಿದೆ. ಎಲ್ಲರೂ ನಯವಾಗಿಯೇ ಹೇಳಿದರು. "ಇಬ್ರೇ ಕಣವ್ವ", "ನಾನೊಬ್ನೇ ಬತ್ತೀನಿ ಬುಡು". ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕಡೆಯವರು ನಮ್ಮ ಬೀಗರು, ಅಂದರೆ ತಮ್ಮನ ಹೆಂಡತಿಯ ಅಪ್ಪ. ಅವರನ್ನು ಕೇಳಿದಾಗ ಕೆಮ್ಮಿ, ತಡವರಿಸಿ, "ಏನೋ ಒಂದಷ್ಟು ಜನ ಬತ್ತೀವಿ ತಾಯಿ, ನೂರೈವತ್ತು ಇಟ್ಕಳಿ" ಎಂದರು. ನಾನು ಜಾಣತನ ಮಾಡಿ ಇಪ್ಪತ್ತು ಸೇರಿಸಿ ನೂರ ಎಪ್ಪತ್ತು ಎಂದು ಬರೆದುಕೊಂಡೆ. ನಮ್ಮ ಕಡೆಯವರು ಇನ್ನೂರ ಅರವತ್ತು. ಒಟ್ಟು ನಾನೂರ ಮೂವತ್ತು ತಲೆ, ಒಂಬತ್ತು ಮರಿ. ಮರಿ ಎಂದರೆ ನಮ್ಮ ಕಡೆ ಊಟಕ್ಕೆ ಕುಯ್ಯುವ ಕುರಿ ಮೇಕೆ, ಎಷ್ಟೇ ದೊಡ್ಡದಿರಲಿ. ದಾಕ್ಷಿಣ್ಯಕ್ಕೆ ಹೇಳಿದ ಅಂಕಿಗಳನ್ನೆಲ್ಲ ಕೂಡಿ ನಾನು ಗಣಿತ ಮಾಡಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಬೀಗರಿಗೆ ಭಾರವಾಗಬಾರದೆಂದು ಬಾಯಲ್ಲಿ ಕಡಿಮೆ ಹೇಳುವುದು, ಬೀಗರಿಗೆ ಮರ್ಯಾದೆಯಾಗಲೆಂದು ಬರುವಾಗ ಇಡೀ ಬೀದಿಯನ್ನೇ ಕರೆದುಕೊಂಡು ಬರುವುದು. ನಮ್ಮವರು ಎರಡನ್ನೂ ಒಂದೇ ಮನಸ್ಸಿನಿಂದ ಮಾಡುತ್ತಾರೆ.

ಭಾನುವಾರ ಬೆಳಗಿನ ಐದೂವರೆಗೆ ಪಿರಿಯಾಪಟ್ಟಣದಿಂದ ಭಾಯ್ ಗೂಡ್ಸ್ ಆಟೋದಲ್ಲಿ ಬಂದರು. ಮರಿ ವ್ಯಾಪಾರ ಅವರ ಮನೆತನದ ಕಸುಬು. ಸುತ್ತಲ ಹಳ್ಳಿಗಳ ಊಟಗಳಿಗೆ ಅವರ ಅಬ್ಬಾನ ಕಾಲದಿಂದಲೂ ಅವರದೇ ಮರಿಗಳು. ತಂದು, ಬಿಸ್ಮಿಲ್ಲಾ ಹೇಳಿ ಕುಯ್ದು, ತುಂಡು ಮಾಡಿ ಅಡುಗೆಯವರ ಕೈಗೆ ಕೊಟ್ಟೇ ಹೋಗುವುದು. ಹಾಗಾದರೆ ನಮ್ಮೂರಿನ ಸಾಬರ ಬೀದಿಯವರೂ ಬಂದು ನಿಶ್ಚಿಂತೆಯಿಂದ ಉಣ್ಣುತ್ತಾರೆ. ಐವತ್ತು ದಾಟಿದ ಮನುಷ್ಯ, ಮಾತಿಗೆ ಮುಂಚೆ ನಗು. ಆಟೋದಿಂದ ಇಳಿಸಿದ ಮರಿಗಳನ್ನು ನಾನು ಎಣಿಸಿದೆ. ಹದಿನಾಲ್ಕು!

"ಭಾಯ್, ನಾನು ಹೇಳಿದ್ದು ಒಂಬತ್ತು."

"ಗೊತ್ತು ಕಣ್ರಮ್ಮಾ. ಒಂಬತ್ತು ಕುಯ್ತೀನಿ. ಮಿಕ್ಕಿದ್ದು ನಿಂತಿರ್ಲಿ."

"ಯಾಕೆ ನಿಂತಿರ್ಬೇಕು? ಬೇಡ. ಮಿಕ್ಕಿದ್ದನ್ನ ವಾಪಸ್ ಹೊಡ್ಕೊಂಡು ಹೋಗಿ."

ಭಾಯ್ ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಆ ನಗು ಯಾಕೆಂದು ನನಗೆ ತಿಳಿಯಲಿಲ್ಲ, ಮೈ ಉರಿಯಿತು. "ನಿಮ್ಗೇನು ಲುಕ್ಸಾನು ಅಮ್ಮಾ? ನಿಂತಿದ್ರೆ ಸೊಪ್ಪು ತಿಂತವೆ. ಬ್ಯಾಡ ಅಂದ್ರೆ ಸಾಯಂಕಾಲ ನನ್ ಜೊತೆ ಬತ್ತವೆ. ಕುಯ್ದಿದ್ದು ವಾಪಸ್ ಬರಲ್ಲ, ನಿಂತಿದ್ದು ಬತ್ತದೆ" ಎಂದು ಐದು ಮರಿಗಳನ್ನು ಹೊಂಗೆ ಮರಕ್ಕೆ ಕಟ್ಟಿಯೇಬಿಟ್ಟರು. ನಾನು ಪ್ರಿಂಟ್ ಹಾಕಿಸಿದ್ದ ಹಾಳೆ ತೆಗೆದು 'ಮಿಕ್ಕಿದ್ದು ಐದು, ವಾಪಸ್' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ. ಸುಮ್ಮನೆ ನಿಂತದ್ದೆಲ್ಲ ವ್ಯರ್ಥ ತಾನೆ?

ಅತ್ತ ಒಲೆಯ ಹತ್ತಿರ ನನ್ನ ಮನಸ್ಸಿಗೆ ತಂಪಾಗುವ ನೋಟವಿತ್ತು. ಮಿರ್ಲೆಯಿಂದ ಬಂದಿದ್ದ ಅಡುಗೆಯವರು ಸೌದೆಯನ್ನು ಒಲೆಗೊಂದು ಹೊರೆಯಂತೆ ಅಳೆದು ಇಟ್ಟಿದ್ದರು. ಹುಣಸೂರಿನ ಸಾಮಿಲ್ಲಿನಿಂದ ತಂದ ಒಣ ಸೌದೆ ಅದು. ಕೆ.ಆರ್. ನಗರದ ಅಕ್ಕಿ ನೆನೆಹಾಕಲು ಒಂದು ಪಾತ್ರೆ, ತೊಳೆಯಲು ಒಂದು, ಮೂರನೆಯದಿಲ್ಲ. ಮುದ್ದೆಯನ್ನು ಯಾವಾಗ ಕಟ್ಟುತ್ತೀರೆಂದು ಕೇಳಿದೆ.

"ಪಂತಿ ಕುಂತ ಮ್ಯಾಲೇ ಕಣಮ್ಮ ಇಟ್ಟು ತಿರುವಾದು. ಮುಂಚೇನೇ ಕಟ್ಟಿಟ್ರೆ ಅದು ಇಟ್ಟಾ, ಕಲ್ಲಾ?" ಎಂದರು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುವುದು. ಜನ ಎಲೆ ಮುಂದೆ ಕೂರುವುದನ್ನು ಕಂಡೇ ನೀರಿಗೆ ಹಿಟ್ಟು ಬೀಳುತ್ತದೆ, ಬಿಸಿ ಬಿಸಿ ಉಂಡೆ ನೇರ ಎಲೆಗೆ. ಒಂದೂ ಮಿಗುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಇದನ್ನು ಕಲಿಸಲು ಎರಡು ದಿನದ ತರಬೇತಿ, ಪ್ರಮಾಣಪತ್ರ, ಗ್ರೂಪ್ ಫೋಟೊ ಬೇರೆ. ನನಗೆ ಅಡುಗೆಯವರ ಕಾಲಿಗೆ ಬೀಳಬೇಕೆನಿಸಿತು.

ಹನ್ನೊಂದು ಗಂಟೆಯ ಹೊತ್ತಿಗೆ ನೀರಿನ ಡ್ರಮ್ ನೋಡಲು ಹೋದವಳು ಹೊಂಗೆ ಮರದ ಕಡೆ ಕಣ್ಣು ಹಾಯಿಸಿದೆ. ಅಲ್ಲಿ ಇದ್ದದ್ದು ಒಂದೇ ಮರಿ. ಉಳಿದ ನಾಲ್ಕು ಆಗಲೇ ತುಂಡಾಗಿ, ಪಕ್ಕದ ಹೊಸ ಒಲೆಯ ಮೇಲೆ ಇನ್ನೊಂದು ಕೊಪ್ಪರಿಗೆ ಏರಿತ್ತು. ನನಗೆ ತಲೆಗೆ ಬಿಸಿನೀರು ಸುರಿದ ಹಾಗಾಯಿತು.

"ಯಾರನ್ನ ಕೇಳಿ ಕುಯ್ದ್ರಿ ಭಾಯ್? ಇದನ್ನೆಲ್ಲ ಯಾರು ತಿಂತಾರೆ? ಗುಂಡಿಗೆ ಹಾಕ್ಬೇಕಾ?"

"ನಿಮ್ಮ ಅಪ್ಪಾರ್ನ ಕೇಳ್ದೆ. ಸ್ವಲ್ಪ ತಡ್ಕಳಿ, ಯೋಳ್ತೀನಿ" ಎಂದು ಭಾಯ್ ಕೈ ತೊಳೆದುಕೊಂಡರು. "ನನ್ನ ಭಾಮೈದಂದು ಹ್ಯಾಂಡ್‌ಪೋಸ್ಟ್ ಸರ್ಕಲ್‌ನಾಗೆ ಟೀ ಅಂಗಡಿ. ಕೋಟೆ ಕಡೆಯಿಂದ ಯಾವ ಬಸ್ಸು ಹೊರಟ್ರೂ ಅವ್ನ ಅಂಗಡಿ ಮುಂದೇನೇ. ನಿಮ್ಮ ಬೀಗರು ಹೊರಟಾಗ ಒಂದ್ ಫೋನ್ ಹಾಕು ಅಂದಿದ್ದೆ. ಒಂದ್ ಗಂಟೆ ಮುಂಚೆ ಹಾಕ್ದ. ಎರಡು ಬಸ್ಸಂತೆ, ಮೂರು ಟೆಂಪೋ ಅಂತೆ. ಬೈಕು ಲೆಕ್ಕ ಇಟ್ಟಿಲ್ಲ ಅಂದ. ಬಸ್ ನಿಲ್ಲಿಸ್ಕಂಡು ಸರ್ಕಲ್‌ನಾಗೆ ನಿಂತಿದ್ದೋರ್ನೂ ಕೂಗಿ ಹತ್ತಿಸ್ಕತಾ ಅವ್ರಂತೆ."

ನಾನು ನಂಬಲಿಲ್ಲ. ನನ್ನ ಹಾಳೆಯಲ್ಲಿ ಒಂದು ಬಸ್ಸು, ಒಂದು ಟೆಂಪೋ. ಅಲ್ಲೇ ನಿಂತು ಬೀಗರಿಗೆ ಫೋನ್ ಮಾಡಿದೆ. ಹಿಂದೆ ಯಾರೋ ಹಾಡುತ್ತಿದ್ದರು, ಮಕ್ಕಳ ಕೂಗಾಟ, ಬಸ್ಸಿನ ಹಾರನ್ನು. "ಏನಿಲ್ಲ ತಾಯಿ, ಒಂದು ಹತ್ತು ಜನ ಹೆಚ್ಗೆ ಆಗ್ಬೋದು ಅಷ್ಟೇಯ" ಎಂದರು. ಪಾಪ, ಆಗಲೂ ದಾಕ್ಷಿಣ್ಯ.

ಹನ್ನೆರಡೂವರೆಗೆ ಬಂದರು. ಎರಡು ಬಸ್ಸು, ಮೂರು ಟೆಂಪೋ. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ನಾನು ಮುನ್ನೂರರ ತನಕ ಎಣಿಸಿ ಬಿಟ್ಟುಬಿಟ್ಟೆ. ನಮ್ಮ ಕಡೆಯ "ನಾನೊಬ್ನೇ ಬತ್ತೀನಿ" ಎಂದವರು ಹೆಂಡತಿ, ಮಕ್ಕಳು, ಷಡ್ಡಕನೊಂದಿಗೆ ಬಂದಿದ್ದರು. ತಲೆ ಎಣಿಸಿದ್ದಕ್ಕೆ ಮುನಿಸಿಕೊಂಡ ಅಜ್ಜಿ ಹದಿನೇಳು ಜನರನ್ನು ಕರೆತಂದು, ನನ್ನ ಮುಂದೆಯೇ ಒಬ್ಬೊಬ್ಬರನ್ನೂ ನಿಲ್ಲಿಸಿ, "ಎಣಿಸ್ಕ ಮಗಳೇ" ಎಂದರು. ಒಂಬತ್ತೇ ಮರಿ ಬೆಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದೆ. ಅವ್ವನ ಕಡೆ ನೋಡಲು ಧೈರ್ಯ ಬರಲಿಲ್ಲ. ಅವಳ ತವರಿಗೆ ಬಂದ ಕೆಟ್ಟ ಹೆಸರು ಮಗನ ಮನೆಗೂ ಅಂಟುತ್ತಿತ್ತು, ಅಂಟಿಸಿದವಳು ನಾನಾಗುತ್ತಿದ್ದೆ.

ರಾಗಿಹಿಟ್ಟು ಕಡಿಮೆ ಬಿತ್ತು, ಆದರೆ ಅದು ಯಾರಿಗೂ ಗೊತ್ತೇ ಆಗಲಿಲ್ಲ. ಮನೆಯ ಅಟ್ಟದಲ್ಲಿ ರಾಗಿ ಚೀಲ, ಹತ್ತು ಮನೆ ಆಚೆ ಮಿಲ್ಲು. ಮೊದಲ ಪಂಕ್ತಿ ಉಣ್ಣುತ್ತಿರುವಾಗಲೇ ಅಪ್ಪ ಚೀಲ ಹೊತ್ತು ಹೋಗಿ ಬೀಸಿಸಿಕೊಂಡು ಬಂದರು. ಎಲೆ ಮುಗಿದದ್ದಕ್ಕೆ ತೋಟದಲ್ಲಿ ಬಾಳೆ ಇತ್ತು. ಆಗ ನನಗೆ ಬುದ್ಧಿ ಬಂತು. ತರುವ ಜಾಗ ಕೂಗಳತೆಯಲ್ಲಿದ್ದರೆ, ಒಲೆಯಿಂದ ಎಲೆಗೆ ಹೋಗಲು ಐದು ನಿಮಿಷ ಸಾಕಾದರೆ, ಲೀನ್ ಆಗಿರುವುದು ಸುಲಭ; ಮುದ್ದೆಗೆ ಅದೇ ಸರಿ. ಮರಿ ಪೇಟೆಯಿಂದ ಬರಬೇಕು, ಬೇಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಉಣ್ಣುವವರು ಎಷ್ಟೆಂದು ಉಣ್ಣುವವರಿಗೇ ಗೊತ್ತಿಲ್ಲ. ಅಲ್ಲಿ ಭಾಯ್ ಮಾಡಿದ್ದೇ ಸರಿ. ಹೆಚ್ಚಿಗೆ ತಂದರು, ಆದರೆ ಹೆಚ್ಚಿಗೆ ಕುಯ್ಯಲಿಲ್ಲ. ಸುದ್ದಿ ಬರುವ ತನಕ ತಡೆದರು. ಆ ಸುದ್ದಿಯನ್ನೂ ಜನರ ಬಾಯಿಂದ ಕೇಳಲಿಲ್ಲ, ಬಸ್ಸು ಹೊರಡುವ ಸರ್ಕಲ್ಲಿನಲ್ಲಿ ಕಣ್ಣಿಟ್ಟು ತರಿಸಿಕೊಂಡರು. ನಾನು ಫೋನ್ ಮಾಡಿ ನೂರು ಜನರನ್ನು ಕೇಳಿದ್ದಕ್ಕಿಂತ ಒಂದು ಟೀ ಅಂಗಡಿ ಮೇಲಾಯಿತು. ಆಮೇಲೆ ನಮ್ಮ ಕಾರ್ಖಾನೆಯಲ್ಲಿ ಇದನ್ನು ಹೇಳಿದಾಗ ತರಬೇತಿ ಕೊಟ್ಟಿದ್ದವರು, "ಇದನ್ನೇ ಅಲ್ಲವೇ ಅವತ್ತು ಮಧ್ಯಾಹ್ನ ಅಜೈಲ್ ಎಂದು ಬೋರ್ಡಿನ ಮೇಲೆ ಬರೆದದ್ದು" ಎಂದರು. ನಾನು ನಿದ್ದೆಯ ವಿಷಯ ಬಾಯಿ ಬಿಡಲಿಲ್ಲ.

ಮೂರೂವರೆಯ ಹೊತ್ತಿಗೆ ಕೊನೆಯ ಪಂಕ್ತಿ ಕೂತಿತು. ಹೆಣ್ಣಿನ ತಾಯಿ, ಅವರ ಕಡೆಯ ಹೆಂಗಸರು, ಬಡಿಸಿ ದಣಿದ ನಮ್ಮ ಮನೆಯವರು. ಅವ್ವ ಎಂದಿನಂತೆ ಕೊಪ್ಪರಿಗೆಯ ಪಕ್ಕ ನಿಂತು ಬಗ್ಗಿ ನೋಡುತ್ತಿದ್ದಳು. ತಳ ಕಾಣುತ್ತಿರಲಿಲ್ಲ, ಇನ್ನೂ ಒಂದು ಪಂಕ್ತಿಗಾಗುವಷ್ಟು ಇತ್ತು. ಆದರೂ ಅವಳು ಅಲ್ಲಾಡಲಿಲ್ಲ.

"ಬನ್ನಿ ಬೀಗ್ತಿ, ನಮ್ ಜೊತೆ ಕುಂತ್ಕಳಿ" ಎಂದು ಹೆಣ್ಣಿನ ತಾಯಿ ಪಕ್ಕದಲ್ಲಿ ಜಾಗ ಮಾಡಿದರು.

"ನೀವು ಉಣ್ಣಿ, ನಾನು ಆಮ್ಯಾಕೆ ಉಣ್ತೀನಿ" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇನ್ನೂ ಯಾರಾದ್ರೂ ಬಂದ್ರೆ?" ಎಂದಳು.

ಅದು ಭಾಯ್ ಕಿವಿಗೆ ಬಿತ್ತು. ಅವರು ತಮ್ಮ ಊಟ ಮುಗಿಸಿ ಹೊಂಗೆ ಮರದ ಕೆಳಗೆ ಚಾಕುಗಳನ್ನು ಗೋಣಿತಾಟಿನಲ್ಲಿ ಸುತ್ತುತ್ತಿದ್ದರು. "ಯಕ್ಕಾ, ಕೊಪ್ಪರಿಗೆ ಯಾಕೆ ನೋಡ್ತೀರಾ? ಇಲ್ ನೋಡಿ" ಎಂದು ಕೂಗಿದರು. ಹದಿನಾಲ್ಕನೆಯ ಮರಿ ಹಲಸಿನ ಸೊಪ್ಪು ಮೆಲ್ಲುತ್ತಾ ನಿಂತಿತ್ತು. "ಇದು ಇರಾದೇ ಬರೋರಿಗೆ. ಬಂದ್ರೆ ಒಂದೆರಡ್ ಗಂಟೆ ಕುಂಡ್ರಿಸಿ ಮಾತಾಡ್ಸಿ, ಉಂಡೇ ಹೋಗ್ತಾರೆ. ನಾನು ಕತ್ಲಾಗೋಗಂಟ ಇಲ್ಲೇ ಇರ್ತೀನಿ."

"ಒಂದಾದ್ರೂ ಮಿಗಲೇಬೇಕಾ ಭಾಯ್?" ಎಂದೆ. ಬೆಳಗಿನ ಸಿಟ್ಟು ಆಗ ನನ್ನಲ್ಲಿ ಇರಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದೆ.

ಭಾಯ್ ಗೋಣಿತಾಟು ಕೆಳಗಿಟ್ಟರು. "ನಮ್ಮನ್ಯಾಗೆ ಅದು ರೂಢಿ ಕಣಮ್ಮಾ. ನಿಮ್ಮವ್ವಾರ ಮದುವೆ ಊಟಕ್ಕೂ ಮರಿ ತಂದಿದ್ದು ನಮ್ಮ ಅಬ್ಬಾನೇ. ಹತ್ತು ತಂದಿದ್ರು. ನಿಮ್ಮ ತಾತ ಲೆಕ್ಕ ಹಾಕಿ, ಎಂಟು ಸಾಕು, ಮಿಕ್ಕಿದ್ದು ವಾಪಸ್ ಹೊಡ್ಕೊಂಡು ಹೋಗು ಅಂದ್ರಂತೆ. ಅಬ್ಬಾ ಹೊಡ್ಕೊಂಡು ಹೊಂಟೋದ್ರು. ಪ್ಯಾಟೆ ಮುಟ್ಟೋಷ್ಟ್ರಲ್ಲಿ ಸುದ್ದಿ ಬಂತು, ಬಾಡು ಸಾಲ್ಲಿಲ್ಲ ಅಂತ. ಎರಡು ಮರಿ ಅಬ್ಬಾನ ಪಕ್ಕದಾಗೇ ನಿಂತವೆ, ಏನ್ ಮಾಡ್ತೀರಾ? ಅವತ್ತಿಂದ ಅಬ್ಬಾ ಯಾರು ಬೈದ್ರೂ ಮರಿ ವಾಪಸ್ ಹೊಡೀಲಿಲ್ಲ. ಕೊನೇ ಎಲೆ ಎತ್ತೋಗಂಟ ಕಾಯ್ತಿದ್ರು. ಸಾಯೋ ಮುಂಚೆ ನನ್ಗೂ ಅದನ್ನೇ ಹೇಳಿದ್ರು."

ಬೆಳಿಗ್ಗೆ ಅವರು ನಕ್ಕದ್ದು ಯಾಕೆಂದು ಆಗ ತಿಳಿಯಿತು. ತಾತನ ಮಾತನ್ನು ನಾನು ಒಂದಕ್ಷರ ಬಿಡದೆ ಆಡಿದ್ದೆ. ತಾತನನ್ನು ನಾನು ನೋಡಿದವಳೇ ಅಲ್ಲ, ಆದರೂ ನನಗೆ ಆ ಮನುಷ್ಯನ ಮೇಲೆ ಅಪಾರ ಪ್ರೀತಿ ಉಕ್ಕಿತು. ಜಿಪುಣತನಕ್ಕೆ ಮಾಡಿದವರಲ್ಲ, ಲೆಕ್ಕ ಸರಿ ಇರಬೇಕೆಂಬ ಹಟಕ್ಕೆ ಮಾಡಿದ್ದರು.

ಪಂಕ್ತಿಯಲ್ಲಿ ಕೂತಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಹದಿನೇಳು ಜನರ ಅಜ್ಜಿ ಎಲ್ಲರಿಗಿಂತ ಮೊದಲು ಬಾಯಿ ತೆರೆದರು. "ಅಂಗಾದ್ರೆ ಎಂಟೇ ಅಂದೋನು ಇವಳಪ್ಪ, ಇವಳ್ಯಾಕೆ ನಿಂತವ್ಳೆ ಇಷ್ಟ್ ವರ್ಸದಿಂದ? ಕುಂತ್ಕಳೇ" ಎಂದು ಅವ್ವನ ಸೆರಗು ಹಿಡಿದು ಎಳೆದರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅವ್ವನೂ ಇದ್ದಳು.

ಅವ್ವ ಇನ್ನೊಂದು ಸಲ ಹೊಂಗೆ ಮರದ ಕಡೆ ನೋಡಿದಳು. ಮರಿ ನಿಂತೇ ಇತ್ತು. ಅವಳು ಕೈ ತೊಳೆದುಕೊಂಡು ಬಂದು ಬೀಗಿತಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಎಲೆ ಹಾಕಿದೆ. ಮಿರ್ಲೆಯ ಅಡುಗೆಯವರು ಅವಳು ಕೂತದ್ದನ್ನು ಕಂಡ ಮೇಲೆಯೇ ಹಿಟ್ಟು ತಿರುವಿ, ಹಬೆಯಾಡುವ ಉಂಡೆಯನ್ನು ತಾವೇ ತಂದು ಇಟ್ಟರು. ಹಾಳೆಯಲ್ಲಿ ಎರಡು ಗೆರೆ ಎಳೆದು ವ್ಯರ್ಥ ಎಂದುಕೊಂಡಿದ್ದ ಐದು ಮರಿಗಳಲ್ಲಿ ನಾಲ್ಕು ಬೀಗರ ಹೊಟ್ಟೆ ಸೇರಿದ್ದವು. ಯಾರೂ ತಿನ್ನದ ಐದನೆಯದು ಅವ್ವನನ್ನು ಎಲೆ ಮುಂದೆ ಕೂರಿಸಿತ್ತು.

ಅವ್ವ ಆತುರ ಮಾಡದೆ, ಬೀಗಿತಿಯ ಜೊತೆ ಮಾತಾಡುತ್ತ, ಮೂಳೆ ಚೀಪಿ ಎಲೆಯಂಚಿಗಿಟ್ಟು ಉಂಡಳು. ಕೊಪ್ಪರಿಗೆಯ ಕಡೆ ತಿರುಗಲಿಲ್ಲ. ಮುದ್ದೆ ಮುಗಿಯುತ್ತಾ ಬಂದಾಗ ನನ್ನನ್ನು ಕರೆದು, "ಇನ್ನರ್ಧ ಇಟ್ಟು ಇಕ್ಕು ಕಣೇ" ಎಂದಳು.